ಮೃದಂಗವೂ ಇರುವ ನಮ್ಮ ನಾಲ್ವರ ಫ್ರೀ ಜಾಝ್ ತಂಡದ ಮೊದಲ ಆಲ್ಬಂ: ಎರಡು ದಿನ ಸ್ಟುಡಿಯೋ ಸಾಕಾ? ಒಬ್ಬೊಬ್ಬರೇ ರೆಕಾರ್ಡ್ ಮಾಡಿದರೆ ಖರ್ಚು ಉಳಿಯುತ್ತಾ?

ಉಳಿಯುತ್ತೆ. ನಾವೂ ಹಾಗೇ ಉಳಿಸಿದೆವು. ಆಮೇಲೆ ಇಡೀ ಆಲ್ಬಂ ಮೂಲೆಗೆ ಬಿತ್ತು.

ನಿಮ್ಮ ಹಾಗೇ ನಾವೂ ನಾಲ್ಕು ಜನ, ನ್ಯೂಜೆರ್ಸಿಯಲ್ಲಿ. ಸ್ಯಾಕ್ಸೊಫೋನ್, ಟ್ರಾಂಬೋನ್, ಬಾಸ್, ನಾನು ಮೃದಂಗ. ಒಂದೂವರೆ ವರ್ಷ ಬಾಸಿನವನ ಗ್ಯಾರೇಜಿನಲ್ಲಿ ಸೇರಿ ನುಡಿಸಿದ್ದೆವು. ಎಲ್ಲರೂ ಕೂರುವಂಥ ದೊಡ್ಡ ರೂಮಿಗೆ ಬಾಡಿಗೆ ಜಾಸ್ತಿ ಅಂತ "ಚಿಕ್ಕದು ಸಾಕು, ಒಬ್ಬೊಬ್ಬರೇ ಬಂದು ನುಡಿಸಿ ಹೋಗೋಣ" ಎಂದವನು ನಾನೇ.

ಮೊದಲ ಶನಿವಾರ ನಾನು ಮತ್ತು ಬಾಸ್. ಮುಂದಿನ ಶನಿವಾರ ಸ್ಯಾಕ್ಸ್, ಹೆಡ್‌ಫೋನಿನಲ್ಲಿ ನಮ್ಮನ್ನು ಕೇಳುತ್ತಾ. ಅದರ ಮುಂದಿನ ವಾರ ಟ್ರಾಂಬೋನ್. ಸ್ಯಾಕ್ಸಿನವನು ಚೆನ್ನಾಗಿಯೇ ನುಡಿಸಿದ್ದಾನೆ. ಒಂದು ಕಡೆ ಜೋರಾಗಿ ಕಿರುಚಿ, ಥಟ್ಟನೆ ನಿಲ್ಲಿಸಿ, ನಾನೇನಾದರೂ ಹೇಳಲಿ ಅಂತ ಜಾಗ ಬಿಟ್ಟಿದ್ದಾನೆ. ನಾನೋ, ಏನೂ ಆಗದವನ ಹಾಗೆ ಗುಮ್ಕಿ (ಮೃದಂಗದ ಎಡಗಡೆಯ ಗುಂಯ್ ಅನ್ನೋ ನಾದ) ಹಾಕುತ್ತಾ ಕೂತಿದ್ದೇನೆ. ಇನ್ನೇನು ಮಾಡಲಿ? ಅವನು ಕಿರುಚುವ ಹೊತ್ತಿಗೆ ನಾನು ನುಡಿಸಿ ಏಳು ದಿನ ಆಗಿತ್ತು! ಕರ್ನಾಟಕ ಸಂಗೀತದ ಕೃತಿ ಆಗಿದ್ದರೆ ಹೇಗೋ ನಡೆಯುತ್ತಿತ್ತು, ತಾಳ ಎಲ್ಲರನ್ನೂ ಹಿಡಿದಿರುತ್ತೆ. ಫ್ರೀ ಜಾಝ್‌ನಲ್ಲಿ ತಾಳವೂ ಇಲ್ಲ, ಮಟ್ಟೂ ಇಲ್ಲ, ಪಕ್ಕದವನು ಈಗ ಏನು ಮಾಡುತ್ತಿದ್ದಾನೆ ಅನ್ನೋದೊಂದೇ ಆಧಾರ. ತನಿಯಲ್ಲಿ (ಕಛೇರಿಯಲ್ಲಿ ತಾಳವಾದ್ಯದವರು ಮಾತ್ರ ನುಡಿಸುವ ಭಾಗ) ಮೃದಂಗದವರು ಸೋಮವಾರ, ಘಟದವರು ಗುರುವಾರ ನುಡಿಸಿದರೆ ಹೇಗಿರುತ್ತೆ? ಹಾಗಿತ್ತು.

ಮೂರು ತಿಂಗಳು ಮಿಕ್ಸಿಂಗ್‌ನಲ್ಲಿ ಕತ್ತರಿಸಿ ಅಂಟಿಸಿ ನೋಡಿದೆವು. ದೊಡ್ಡ ರೂಮಿನ ಬಾಡಿಗೆಯ ಎರಡರಷ್ಟು ದುಡ್ಡು ಅಲ್ಲೇ ಹೋಯಿತು. ಟ್ರಾಂಬೋನಿನವನು ತಂಡ ಬಿಟ್ಟ.

ಎರಡು ದಿನ ಯಾಕೆ? ನ್ಯೂಯಾರ್ಕ್ ಆರ್ಟ್ ಕ್ವಾರ್ಟೆಟ್ ಅನ್ನೋ ಫ್ರೀ ಜಾಝ್ ತಂಡದವರು ತಮ್ಮ ಮೊದಲ ಆಲ್ಬಮ್ಮಿನ ನಾಲ್ಕೂ ಟ್ರ್ಯಾಕನ್ನು 1964ರ ನವೆಂಬರ್ 26ರಂದು, ಒಂದೇ ದಿನದಲ್ಲಿ ಮುಗಿಸಿದರು. ಜಾನ್ ಚಿಕಾಯ್ ಸ್ಯಾಕ್ಸ್, ರಾಸ್ವೆಲ್ ರಡ್ ಟ್ರಾಂಬೋನ್, ಲೂಯಿಸ್ ವೊರೆಲ್ ಬಾಸ್, ಮಿಲ್ಫರ್ಡ್ ಗ್ರೇವ್ಸ್ ಡ್ರಮ್ಸ್. ಅದರಲ್ಲಿ ಗ್ರೇವ್ಸ್ ಯಾರಿಗೂ ತಾಳದ ಲೆಕ್ಕ ಹಾಕಿಕೊಡುವುದಿಲ್ಲ. (ಆಮೇಲೆ ತಬಲಾನೂ ಕಲಿತ ಮನುಷ್ಯ, ನನಗೆ ಸ್ವಲ್ಪ ಪಕ್ಷಪಾತ ಇದೆ.) ಸ್ಯಾಕ್ಸ್ ಬಿಟ್ಟ ತುದಿಯನ್ನು ಟ್ರಾಂಬೋನ್ ಹಿಡಿದು ಎಳೆಯುವುದನ್ನು ಕೇಳಿ. ಎರಡನೇ ಟ್ರ್ಯಾಕಿನಲ್ಲಿ ಕವಿ ಅಮಿರಿ ಬರಾಕಾ ಕವಿತೆ ಓದುತ್ತಾರೆ, ಆಗಿನ್ನೂ ಅವರ ಹೆಸರು ಲೆರಾಯ್ ಜೋನ್ಸ್. ಅದನ್ನೂ ಬಿಡಬೇಡಿ.

ಹಾಗಾಗಿ ನೀವು ಕೇಳಬೇಕಾದದ್ದು ಎಷ್ಟು ದಿನ ಅಂತಲ್ಲ, ಎಷ್ಟು ದೊಡ್ಡ ರೂಮು ಅಂತ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣಬೇಕು. ಒಂದರ ಶಬ್ದ ಇನ್ನೊಂದರ ಮೈಕಿಗೆ ಬೀಳುತ್ತೆ ಅಂತ ಇಂಜಿನಿಯರ್ ಗೊಣಗುತ್ತಾರೆ, ಗೊಣಗಲಿ. ದುಡ್ಡಿಲ್ಲ ಅಂದರೆ ಸ್ಟುಡಿಯೋನೇ ಬೇಡ, ಪ್ರಾಕ್ಟೀಸ್ ಮಾಡುವ ಜಾಗದಲ್ಲೇ ಎರಡು ಮೈಕ್ ಇಟ್ಟು ನುಡಿಸಿ.

ನಿಮ್ಮಲ್ಲೂ ಮೃದಂಗ ಇದೆ ಅಂದಿರಲ್ಲ, ಎಸಿ ಗಾಳಿ ನೇರ ಬೀಳದ ಕಡೆ ಅವರನ್ನು ಕೂರಿಸಿ. ಮೃದಂಗದ ಎಡಗಡೆಗೆ ಹಚ್ಚಿದ ಒದ್ದೆ ರವೆ ಬೇಗ ಒಣಗಿ ಗುಮ್ಕಿನೇ ಬರಲ್ಲ. ಅದನ್ನು ಮತ್ತೆ ಒದ್ದೆ ಮಾಡಿಕೊಳ್ಳೋಕೆ ಒಂದು ಬಟ್ಟಲು ನೀರು ಪಕ್ಕದಲ್ಲಿರಲಿ.