ಸಂಪಾದಕರ ಉತ್ತರ: ಡೇಟನ್‌ನ ನಾಲ್ಕು ಪಂದ್ಯಗಳು ಮತ್ತು ಲಾಭದ ಲೆಕ್ಕ

ಅಮೆರಿಕದ ಓಹಾಯೋ ರಾಜ್ಯದ ಡೇಟನ್ ನಗರದಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರದ ಸಾರಾಂಶ: "ಪ್ರತಿ ಮಾರ್ಚ್‌ನಲ್ಲಿ ನಮ್ಮ ಊರಿನಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯ ನಾಲ್ಕು ಪಂದ್ಯಗಳು ನಡೆಯುತ್ತವೆ. ಆಡುವ ಎಂಟು ತಂಡಗಳಲ್ಲಿ ಸಾಮಾನ್ಯವಾಗಿ ಒಂದೂ ನಮ್ಮದಾಗಿರುವುದಿಲ್ಲ. ಆದರೂ ಇದರಿಂದ ಊರಿಗೆ ಬರುವ ಲಾಭದ ಮಾತು ಎಲ್ಲೆಡೆ ಕೇಳಿಬರುತ್ತದೆ. ನಮ್ಮಂಥ ಮಧ್ಯಮ ಗಾತ್ರದ ನಗರಗಳು ಈ ಪಂದ್ಯಗಳಿಗಾಗಿ ಇಷ್ಟೊಂದು ಪೈಪೋಟಿ ನಡೆಸುವುದೇಕೆ? ಆ ಲಾಭ ನಿಜವೇ? ಸಾರ್ವಜನಿಕರ ಹಣವನ್ನು ಇದಕ್ಕೆ ತೊಡಗಿಸುವುದು ಸರಿಯೇ? ಅದರ ಬದಲು ಮಹಿಳೆಯರ ಟೂರ್ನಿಯ ಆತಿಥ್ಯ ಕೇಳಬಾರದೇ?"

ಮಾನ್ಯರೇ,

ತಮ್ಮ ಪ್ರಶ್ನೆಗಳಿಗೆ ಬರುವ ಮುನ್ನ, ಈ ಟೂರ್ನಿಯ ಪರಿಚಯವಿಲ್ಲದ ಓದುಗರಿಗಾಗಿ ಒಂದೆರಡು ಮಾತು ಹೇಳಬೇಕು. 1939ರಲ್ಲಿ ಎಂಟು ತಂಡಗಳೊಂದಿಗೆ ಆರಂಭವಾದ ಪುರುಷರ ಟೂರ್ನಿ 1985ರಲ್ಲಿ 64 ತಂಡಗಳಿಗೆ, 2011ರಲ್ಲಿ 68 ತಂಡಗಳಿಗೆ ಬೆಳೆಯಿತು. ಕೊನೆಯ ನಾಲ್ಕು ತಂಡಗಳ ಹಂತವಾದ ಫೈನಲ್ ಫೋರ್ ಈಗ ಎಪ್ಪತ್ತು ಸಾವಿರ ಮಂದಿ ಕೂರುವ ಗುಮ್ಮಟದ ಕ್ರೀಡಾಂಗಣಗಳಲ್ಲಿ ನಡೆಯುವುದರಿಂದ ಅದು ಕೆಲವೇ ಮಹಾನಗರಗಳ ಸ್ವತ್ತು. ಆದರೆ ಮೊದಲ ಎರಡು ಸುತ್ತುಗಳನ್ನು ಎಂಟು ನಗರಗಳಿಗೆ ಹಂಚಲಾಗುತ್ತದೆ. ಒಂದೊಂದು ನಗರಕ್ಕೂ ಎಂಟು ತಂಡಗಳು ಬಂದು, ನಡುವೆ ಒಂದು ದಿನ ಬಿಡುವಿಟ್ಟು, ಎರಡು ದಿನಗಳಲ್ಲಿ ಆರು ಪಂದ್ಯಗಳನ್ನು ಆಡುತ್ತವೆ. ಇದಕ್ಕೆ ಮಹಾನಗರವೇ ಬೇಕಿಲ್ಲ. ಹತ್ತು ಹನ್ನೆರಡು ಸಾವಿರ ಆಸನಗಳ ಒಳಾಂಗಣ, ಸಾಕಷ್ಟು ಹೋಟೆಲ್ ಕೊಠಡಿಗಳು, ಒಂದು ವಿಮಾನ ನಿಲ್ದಾಣ ಮತ್ತು ಆತಿಥ್ಯದ ಹೊಣೆ ಹೊರುವ ಒಂದು ವಿಶ್ವವಿದ್ಯಾಲಯ ಇದ್ದರೆ ಡಿ ಮೊಯಿನ್, ಒಮಾಹಾ, ವಿಚಿಟಾ, ಸ್ಪೋಕೇನ್, ಬಾಯ್ಸಿ, ಗ್ರೀನ್‌ವಿಲ್‌ನಂಥ ಊರುಗಳೂ ಕಣಕ್ಕಿಳಿಯಬಹುದು. ದೇಶದ ಪ್ರಮುಖ ಕ್ರೀಡಾ ಲೀಗ್‌ಗಳ ತಂಡವೊಂದೂ ಇಲ್ಲದ ಇಂಥ ಊರುಗಳಿಗೆ ಇಡೀ ದೇಶದ ಕಣ್ಣು ತಮ್ಮತ್ತ ತಿರುಗುವ ಅವಕಾಶ ವರ್ಷದಲ್ಲಿ ಬೇರೆ ಸಿಗುವುದು ಅಪರೂಪ. ಪೈಪೋಟಿಯ ಮೂಲ ಇಲ್ಲಿದೆ.

ಈಗ ಲಾಭದ ವಿಚಾರ. ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಟೂರ್ನಿಯ ದೊಡ್ಡ ಆದಾಯ ದೂರದರ್ಶನ ಪ್ರಸಾರದ್ದು: 2010ರಲ್ಲಿ ಆದ ಒಪ್ಪಂದ ಹದಿನಾಲ್ಕು ವರ್ಷಗಳಿಗೆ 1,080 ಕೋಟಿ ಡಾಲರ್‌ನದಾಗಿತ್ತು, 2016ರಲ್ಲಿ ಅದನ್ನು ಮತ್ತೆ 880 ಕೋಟಿ ಡಾಲರ್‌ಗೆ 2032ರವರೆಗೆ ವಿಸ್ತರಿಸಲಾಯಿತು. ಈ ಹಣ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎಗೆ ಸೇರಿ, ಅಲ್ಲಿಂದ ಕಾಲೇಜುಗಳಿಗೂ ಅವುಗಳ ಒಕ್ಕೂಟಗಳಿಗೂ ಹಂಚಿಹೋಗುತ್ತದೆ. ಆತಿಥೇಯ ನಗರಕ್ಕೆ ಅದರಲ್ಲಿ ಪಾಲಿಲ್ಲ. ಟಿಕೆಟ್ ಮಾರಾಟದ ಹಣದ ಬಹುಪಾಲೂ ಆ ಸಂಸ್ಥೆಯದೇ. ಕ್ರೀಡಾಂಗಣದೊಳಗಿನ ಸ್ಥಳೀಯ ಜಾಹೀರಾತುಗಳನ್ನು ಮುಚ್ಚಬೇಕು, ಊರಿನ ಅಂಕಣದ ಬದಲು ಸಂಸ್ಥೆ ಕಳುಹಿಸುವ ಮರದ ಅಂಕಣವನ್ನು ಹಾಸಬೇಕು. ಹೀಗಾಗಿ ನಗರದ ಪಾಲಿಗೆ ಉಳಿಯುವುದು ಹೊರಗಿನಿಂದ ಬಂದವರು ಹೋಟೆಲು, ಊಟ, ಓಡಾಟಗಳಿಗೆ ಮಾಡುವ ಖರ್ಚು ಮಾತ್ರ.

ಆ ಖರ್ಚನ್ನೇ ದೊಡ್ಡ ಅಂಕಿಯಾಗಿ ತೋರಿಸುವ ವರದಿಗಳನ್ನು ತಾವು ಓದಿರುತ್ತೀರಿ. ರಾಬರ್ಟ್ ಬಾಡ್ ಮತ್ತು ವಿಕ್ಟರ್ ಮ್ಯಾಥೆಸನ್ ಎಂಬ ಅರ್ಥಶಾಸ್ತ್ರಜ್ಞರು ಫೈನಲ್ ಫೋರ್ ನಡೆದ ನಗರಗಳ ಆದಾಯವನ್ನು ಹಲವು ದಶಕಗಳ ಅವಧಿಗೆ ಪರಿಶೀಲಿಸಿ, ಮುಂಚಿತವಾಗಿ ಘೋಷಿಸುವ ಲಾಭದ ಅಂದಾಜುಗಳು ವಾಸ್ತವವನ್ನು ಬಹಳವಾಗಿ ಹಿಗ್ಗಿಸುತ್ತವೆ ಎಂಬ ತೀರ್ಮಾನಕ್ಕೆ ಬಂದರು. ಕಾರಣಗಳು ಸರಳವಾಗಿವೆ. ಊರಿನವರೇ ಪಂದ್ಯಕ್ಕೆ ಹೋಗಿ ಖರ್ಚು ಮಾಡಿದರೆ, ಆ ಹಣ ಹೇಗೂ ಊರಿನ ಇನ್ನೊಂದು ಅಂಗಡಿಗೋ ಚಿತ್ರಮಂದಿರಕ್ಕೋ ಹೋಗಬೇಕಾದದ್ದೇ ಆಗಿರುತ್ತದೆ. ಪಂದ್ಯದ ಗದ್ದಲಕ್ಕೆ ಹೆದರಿ ಬೇರೆ ಪ್ರವಾಸಿಗರು ಆ ವಾರ ಬರದೇ ಉಳಿಯುತ್ತಾರೆ. ಹೋಟೆಲುಗಳು ಬಾಡಿಗೆ ಏರಿಸಿದರೂ ಆ ಹೆಚ್ಚುವರಿ ಹಣ ಅಲ್ಲಿನ ಕೆಲಸಗಾರರ ಕೈ ಸೇರದೆ ಬೇರೆಲ್ಲೋ ಇರುವ ಮಾಲೀಕ ಕಂಪನಿಯ ಖಾತೆಗೆ ಜಮೆಯಾಗುತ್ತದೆ.

ತಮ್ಮ ಡೇಟನ್ನಿಗೆ ಈ ತರ್ಕವನ್ನು ಅನ್ವಯಿಸಿದಾಗ ಫಲಿತಾಂಶ ಇನ್ನಷ್ಟು ಸ್ಪಷ್ಟವಾಗುತ್ತದೆ. ಟೂರ್ನಿಗೆ ಆಯ್ಕೆಯಾದ ತಂಡಗಳ ಹೆಸರು ಪ್ರಕಟವಾಗುವುದು ಭಾನುವಾರ ಸಂಜೆ. ಮೊದಲ ಸುತ್ತಿಗೂ ಮುನ್ನ 68 ತಂಡಗಳನ್ನು 64ಕ್ಕೆ ಇಳಿಸುವ, ಫರ್ಸ್ಟ್ ಫೋರ್ ಎನ್ನುವ ತಮ್ಮೂರಿನ ನಾಲ್ಕು ಪಂದ್ಯಗಳು ನಡೆಯುವುದು ಮಂಗಳವಾರ ಮತ್ತು ಬುಧವಾರ. ಎರಡು ದಿನಗಳ ಅಂತರದಲ್ಲಿ ದೂರದ ರಾಜ್ಯಗಳ ಅಭಿಮಾನಿಗಳು ದೊಡ್ಡ ಸಂಖ್ಯೆಯಲ್ಲಿ ಬರಲಾರರು. ಗೆದ್ದ ತಂಡವೂ ಮುಂದಿನ ಪಂದ್ಯಕ್ಕಾಗಿ ಕೂಡಲೇ ಬೇರೆ ನಗರಕ್ಕೆ ಹೊರಟುಬಿಡುತ್ತದೆ. ಹಾಗಾದರೆ 13,000ಕ್ಕೂ ಹೆಚ್ಚು ಆಸನಗಳ, ಡೇಟನ್ ವಿಶ್ವವಿದ್ಯಾಲಯದ ಒಳಾಂಗಣವಾದ ಯುಡಿ ಅರೀನಾವನ್ನು ತುಂಬುವವರು ಯಾರು? ಡೇಟನ್ ಮತ್ತು ಸುತ್ತಲಿನ ಊರುಗಳ ಜನ. ಅಂದರೆ ಹೊರಗಿನ ಹಣ ತರುವ ವಿಷಯದಲ್ಲಿ ಇಡೀ ಟೂರ್ನಿಯಲ್ಲೇ ಅತ್ಯಂತ ದುರ್ಬಲವಾದ ವಾದ ತಮ್ಮ ನಗರದ್ದು. ಆದರೆ ಪಂದ್ಯಗಳನ್ನು ಅಲ್ಲೇ ನಡೆಸಬೇಕೆಂಬ ವಾದ ಬೇರೆಲ್ಲಕ್ಕಿಂತ ಬಲವಾಗುವುದೂ ಇದೇ ಕಾರಣದಿಂದ ಎಂದು ನಾನು ದೃಢವಾಗಿ ನಂಬಿದ್ದೇನೆ.

1960ರಲ್ಲಿ ಎರಡೂವರೆ ಲಕ್ಷ ಮೀರಿದ್ದ ಡೇಟನ್ನಿನ ಜನಸಂಖ್ಯೆ 2020ರ ಗಣತಿಯ ಹೊತ್ತಿಗೆ 1.37 ಲಕ್ಷಕ್ಕೆ ಇಳಿಯಿತು. 2008ರ ಕೊನೆಯಲ್ಲಿ ಪಕ್ಕದ ಮೊರೇನ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ ಮುಚ್ಚಿತು. ಮರುವರ್ಷ, ಒಂದು ಶತಮಾನಕ್ಕೂ ಹೆಚ್ಚು ಕಾಲ ಊರಿನ ಹೆಮ್ಮೆಯಾಗಿದ್ದ ಎನ್‌ಸಿಆರ್ ಕಂಪನಿ ತನ್ನ ಕೇಂದ್ರ ಕಚೇರಿಯನ್ನು ಜಾರ್ಜಿಯಾಕ್ಕೆ ಒಯ್ದಿತು. ಹೋಗುವುದನ್ನಷ್ಟೇ ನೋಡುತ್ತಿದ್ದ ಊರಿಗೆ ವರ್ಷವರ್ಷವೂ ಬರುವಂಥದ್ದು ಈ ಪಂದ್ಯಗಳು. 2001ರಲ್ಲಿ ಒಂದೇ ಒಂದು ಪ್ರಾರಂಭಿಕ ಪಂದ್ಯದೊಂದಿಗೆ ಮೊದಲಾದ ಈ ಕ್ರಮ 2011ರಿಂದ ನಾಲ್ಕು ಪಂದ್ಯಗಳಾಯಿತು. ಕೋವಿಡ್‌ನಿಂದಾಗಿ 2020ರ ಟೂರ್ನಿ ರದ್ದಾಗಿ 2021ರದ್ದು ಪೂರ್ತಿಯಾಗಿ ಇಂಡಿಯಾನಾ ರಾಜ್ಯದಲ್ಲಿ ನಡೆದದ್ದನ್ನು ಬಿಟ್ಟರೆ ಅದು ತಪ್ಪಿಲ್ಲ. ಪುರುಷರ ಟೂರ್ನಿಯ ಪಂದ್ಯಗಳನ್ನು ಅತಿ ಹೆಚ್ಚು ಸಂಖ್ಯೆಯಲ್ಲಿ ಕಂಡ ಕ್ರೀಡಾಂಗಣ ಇಂದು ಡೇಟನ್ನಿನದು. 2012ರ ಮಾರ್ಚ್‌ನಲ್ಲಿ ಅಧ್ಯಕ್ಷ ಬರಾಕ್ ಒಬಾಮ ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಅವರನ್ನು ಬ್ಯಾಸ್ಕೆಟ್‌ಬಾಲ್ ತೋರಿಸಲು ಕರೆತಂದದ್ದು ಇಲ್ಲಿಗೇ. ಆ ಸಂಜೆ ಕೊನೆಯ ಐದು ನಿಮಿಷಗಳಲ್ಲಿ ಹದಿನಾರು ಅಂಕಗಳ ಹಿನ್ನಡೆಯನ್ನು ದಾಟಿ ವೆಸ್ಟರ್ನ್ ಕೆಂಟಕಿ ತಂಡ 59–58ರಿಂದ ಗೆದ್ದಿತು. ಅಪರಿಚಿತ ಕಾಲೇಜುಗಳ ಹುಡುಗರಿಗಾಗಿ ಒಂದು ಊರು ಕೆಲಸದ ದಿನದ ರಾತ್ರಿ ಎದ್ದು ನಿಂತು ಚಪ್ಪಾಳೆ ತಟ್ಟುವುದನ್ನು ಯಾವ ಲಾಭದ ವರದಿಯೂ ಅಳೆಯಲಾರದು. ಸ್ಥಳೀಯ ಸಮಿತಿಯವರು ಟಿಕೆಟ್‌ಗಳನ್ನು ಕೊಂಡು ಶಾಲಾ ಮಕ್ಕಳಿಗೂ ಹತ್ತಿರದ ರೈಟ್-ಪ್ಯಾಟರ್ಸನ್ ವಾಯುನೆಲೆಯ ಕುಟುಂಬಗಳಿಗೂ ಹಂಚುತ್ತಾರೆಂಬುದು ನನ್ನ ದೃಷ್ಟಿಯಲ್ಲಿ ಹೋಟೆಲ್ ತೆರಿಗೆಗಿಂತ ದೊಡ್ಡ ಸಂಗತಿ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಕರ್ನಾಟಕ ಆರು ರನ್‌ಗಳಿಂದ ಸೋತ ರಣಜಿ ಫೈನಲ್ ನೋಡಿದ ನಮ್ಮ ಓದುಗರಿಗೆ, ರಾಜಧಾನಿಯ ಹೊರಗಿನ ಊರೊಂದಕ್ಕೆ ಇಂಥ ಪಂದ್ಯ ಬಂದಾಗ ಏನಾಗುತ್ತದೆಂದು ವಿವರಿಸಬೇಕಿಲ್ಲ.

ಸಾರ್ವಜನಿಕರ ಹಣದ ಬಗ್ಗೆ ನನ್ನ ಅಭಿಪ್ರಾಯ ಇದರ ಮೇಲೆಯೇ ನಿಂತಿದೆ. ಕ್ರೀಡಾಂಗಣ ವರ್ಷವಿಡೀ ಊರಿನ ಬಳಕೆಗೆ ಬೇಕಾಗಿದ್ದರೆ ಕಟ್ಟಬಹುದು, ದುರಸ್ತಿ ಮಾಡಬಹುದು; ಟೂರ್ನಿಯ ಎರಡು ದಿನಗಳಿಗಾಗಿ ಕಟ್ಟಬಾರದು. ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ ಕೌಂಟಿಯ ಮತದಾರರು 2004ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ, ಮೂವತ್ತು ತಿಂಗಳು ಶೇ. 1ರಷ್ಟು ಮಾರಾಟ ತೆರಿಗೆ ಸಂಗ್ರಹಿಸಿ ಒಳಾಂಗಣ ಕಟ್ಟಿದರು. ಅದು 2010ರಲ್ಲಿ ತೆರೆಯಿತು. ಪುರುಷರ ಟೂರ್ನಿಯ ಪಂದ್ಯಗಳು ಅಲ್ಲಿಗೆ ಬಂದದ್ದು 2018ರಲ್ಲಿ. ನಡುವಿನ ಎಂಟು ವರ್ಷ ಆ ಕಟ್ಟಡ ಸಂಗೀತ ಕಾರ್ಯಕ್ರಮಗಳಿಂದಲೂ ಐಸ್ ಹಾಕಿಯಿಂದಲೂ ಬದುಕಬೇಕಾಯಿತು. ತೆರಿಗೆಗೆ ಅವಧಿ ಇತ್ತು, ಜನರ ಮತವೂ ಇತ್ತು. ಬೇರೆ ಊರುಗಳು ಈ ಕ್ರಮವನ್ನು ಅನುಸರಿಸಲೆಂದು ನಾನು ಬಯಸುತ್ತೇನೆ.

ಆತಿಥ್ಯದ ಮೇಲೆ ಹಣ ಹೂಡುವಾಗ ಇನ್ನೊಂದು ಅಪಾಯವಿದೆ. ಉತ್ತರ ಕೆರೊಲೈನಾದ ಗ್ರೀನ್ಸ್‌ಬರೋ 2017ರ ಪಂದ್ಯಗಳನ್ನು ಪಡೆದಿತ್ತು. 2016ರ ಮಾರ್ಚ್‌ನಲ್ಲಿ ರಾಜ್ಯದ ಶಾಸನಸಭೆ, ಸಾರ್ವಜನಿಕ ಕಟ್ಟಡಗಳಲ್ಲಿ ಜನರು ಜನನ ಪ್ರಮಾಣಪತ್ರದಲ್ಲಿರುವ ಲಿಂಗಕ್ಕೆ ಅನುಗುಣವಾದ ಶೌಚಾಲಯವನ್ನೇ ಬಳಸಬೇಕೆಂಬ ಕಾನೂನು ಮಾಡಿತು. ಸೆಪ್ಟೆಂಬರ್‌ನಲ್ಲಿ ಎನ್‌ಸಿಎಎ ಆ ರಾಜ್ಯದಿಂದ ಏಳು ಚಾಂಪಿಯನ್‌ಷಿಪ್‌ಗಳನ್ನು ಹಿಂತೆಗೆದುಕೊಂಡಿತು. ಗ್ರೀನ್ಸ್‌ಬರೋಗೆ ಬರಬೇಕಿದ್ದ ಪಂದ್ಯಗಳು ದಕ್ಷಿಣ ಕೆರೊಲೈನಾದ ಗ್ರೀನ್‌ವಿಲ್‌ಗೆ ಹೋದವು. ಆ ರಾಜ್ಯವೂ ತನ್ನ ಶಾಸನಭವನದ ಆವರಣದಲ್ಲಿ ಗುಲಾಮಗಿರಿಯ ಪರವಾಗಿ ಅಮೆರಿಕದ ಒಕ್ಕೂಟದಿಂದ ಸಿಡಿದುಹೋಗಿದ್ದ ದಕ್ಷಿಣದ ರಾಜ್ಯಗಳ ಯುದ್ಧಧ್ವಜವನ್ನು ಹಾರಿಸುತ್ತಿದ್ದ ಕಾರಣಕ್ಕೆ ಅನೇಕ ವರ್ಷ ಇದೇ ಸಂಸ್ಥೆಯ ನಿಷೇಧಕ್ಕೆ ಒಳಗಾಗಿ, 2015ರಲ್ಲಿ ಧ್ವಜ ಇಳಿಸಿದ ಮೇಲಷ್ಟೇ ಮತ್ತೆ ಅರ್ಹತೆ ಪಡೆದಿತ್ತು. ಆ ಎರಡೂ ನಿಷೇಧಗಳ ಹಿಂದಿನ ನ್ಯಾಯದ ಕಾಳಜಿಯನ್ನು ನಾನು ಒಪ್ಪುತ್ತೇನೆ. ಆದರೆ ಎರಡೂ ಸಲ ಕಾರಣವಾದದ್ದು ರಾಜ್ಯದ ನಿರ್ಧಾರ, ಪೆಟ್ಟು ಬಿದ್ದದ್ದು ನಗರಕ್ಕೆ. ತನ್ನ ಕೈಯಲ್ಲಿಲ್ಲದ ಸಂಗತಿಯನ್ನು ನಂಬಿ ಸಾಲ ಮಾಡುವ ನಗರಸಭೆ ಇದನ್ನು ನೆನಪಿನಲ್ಲಿಡಬೇಕು.

ಕೊನೆಗೆ ಮಹಿಳೆಯರ ಟೂರ್ನಿ. ಅದರ ಮೊದಲ ಎರಡು ಸುತ್ತುಗಳು 2015ರಿಂದ ಅಗ್ರ ಹದಿನಾರು ತಂಡಗಳ ಸ್ವಂತ ಅಂಕಣಗಳಲ್ಲೇ ನಡೆಯುವುದರಿಂದ ಅವುಗಳಿಗೆ ನಗರಗಳ ಪೈಪೋಟಿ ಇಲ್ಲ. ಪ್ರಾದೇಶಿಕ ಹಂತವನ್ನು 2023ರಿಂದ ನಾಲ್ಕರ ಬದಲು ಎರಡೇ ನಗರಗಳಲ್ಲಿ ನಡೆಸುತ್ತಿದ್ದಾರೆ. ಒಂದೊಂದಕ್ಕೂ ಎಂಟು ತಂಡಗಳು ಬಂದು ನಾಲ್ಕು ದಿನಗಳ ಅವಧಿಯಲ್ಲಿ ಆರು ಪಂದ್ಯಗಳನ್ನು ಆಡುತ್ತವೆ. ನ್ಯೂಯಾರ್ಕ್ ರಾಜ್ಯದ, ಒಂದು ಲಕ್ಷ ಜನಸಂಖ್ಯೆಯ ಆಲ್ಬನಿ 2024ರಲ್ಲಿ ಅಯೋವಾ ಮತ್ತು ಲೂಸಿಯಾನಾ ಸ್ಟೇಟ್ (ಎಲ್‌ಎಸ್‌ಯು) ವಿಶ್ವವಿದ್ಯಾಲಯಗಳ ನಡುವಿನ ಪಂದ್ಯಕ್ಕೆ ಆತಿಥ್ಯ ನೀಡಿದಾಗ ದೂರದರ್ಶನದಲ್ಲಿ ಅದನ್ನು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಅಭಿಮಾನಿಗಳಿಗೆ ಪ್ರಯಾಣ ಯೋಜಿಸಲು ಕಾಲಾವಕಾಶವಿರುವುದರಿಂದ ಹೊರಗಿನವರ ಖರ್ಚೂ ಇಲ್ಲಿ ಹೆಚ್ಚು ನಿಜ. ಡೇಟನ್ ಇದಕ್ಕೆ ಅರ್ಜಿ ಹಾಕಲೆಂದು ನಾನು ಮನಸಾರೆ ಹೇಳುತ್ತೇನೆ, ಆದರೆ ಫರ್ಸ್ಟ್ ಫೋರ್ ಬಿಟ್ಟು ಅಲ್ಲ. ಅರ್ಜಿಗೆ ಮುನ್ನ ಎಣಿಸಬೇಕಾದದ್ದು ಹೋಟೆಲ್ ಕೊಠಡಿಗಳನ್ನು. 2024ರ ಮಾರ್ಚ್‌ನಲ್ಲಿ ಸ್ಪೋಕೇನ್‌ನಲ್ಲಿ ಪುರುಷರ ಪಂದ್ಯಗಳು, ಗೊನ್ಜಾಗ ವಿಶ್ವವಿದ್ಯಾಲಯದಲ್ಲಿ ಮಹಿಳೆಯರ ಪಂದ್ಯಗಳು, ಜೊತೆಗೆ ವಾಲಿಬಾಲ್ ಟೂರ್ನಿಯೊಂದು ಏಕಕಾಲಕ್ಕೆ ನಡೆದವು. ಊರಿನಲ್ಲಿ ಕೊಠಡಿ ಸಾಲದೆ ಯೂಟಾ ವಿಶ್ವವಿದ್ಯಾಲಯದ ಮಹಿಳಾ ತಂಡ ಪಕ್ಕದ ರಾಜ್ಯದ ಕೋರ್ ಡಲೇನ್‌ನಲ್ಲಿ ಉಳಿಯಬೇಕಾಯಿತು. ಅಲ್ಲಿನ ಬೀದಿಯಲ್ಲಿ ಆಟಗಾರ್ತಿಯರು ಜನಾಂಗೀಯ ನಿಂದನೆಗೆ ಗುರಿಯಾದರು, ಮರುದಿನ ಅವರನ್ನು ಸ್ಪೋಕೇನ್‌ಗೆ ಸ್ಥಳಾಂತರಿಸಲಾಯಿತು. ಎಂಟು ತಂಡಗಳನ್ನೂ ಅವರ ಕುಟುಂಬಗಳನ್ನೂ ನಾಲ್ಕೈದು ರಾತ್ರಿ ತನ್ನ ಗಡಿಯೊಳಗೇ ಉಳಿಸಿಕೊಳ್ಳಬಲ್ಲೆನೇ ಎಂಬ ಪ್ರಶ್ನೆಗೆ ಡೇಟನ್‌ನ ಉತ್ತರ ಹೌದೆಂದಾದರೆ, ತಾವು ನಗರಸಭೆಗೆ ಬರೆಯಬೇಕಾದ ಪತ್ರ ಅದೇ.