ವಿದೇಶಾಂಗ ನೀತಿಯಲ್ಲಿ ಓಟಿನ ರಾಜಕೀಯ ಎಲ್ಲಿಂದ ಬಂತು?

ವಿದೇಶಾಂಗ ನೀತಿ ದೆಹಲಿ ಅಧಿಕಾರಿಗಳ ಕೆಲಸ ತಾನೇ, ಅದರಲ್ಲಿ ಓಟಿನ ರಾಜಕೀಯ ಯಾಕೆ ಬರುತ್ತೆ ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಅಡಿಕೆಯಿಂದಲೇ ಶುರು ಮಾಡುತ್ತೇನೆ.

2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಲು ಒಪ್ಪಿತು. ಬೇರೆ ದೇಶದ ಅಡಿಕೆಗೆ ಕನಿಷ್ಠ ಆಮದು ಬೆಲೆ ಅಂತ ಇದೆ, ಅದಕ್ಕಿಂತ ಅಗ್ಗಕ್ಕೆ ತರಿಸುವಂತಿಲ್ಲ. ಆ ಷರತ್ತು ಇದಕ್ಕಿಲ್ಲ. ಬರೋದು ಪಶ್ಚಿಮ ಬಂಗಾಳದ ಜೈಗಾಂವ್ ಗಡಿಯಿಂದ, ಶಿವಮೊಗ್ಗದ ಮಂಡಿಗಲ್ಲ. ಆದರೂ ಇಲ್ಲಿ ಅಡಿಕೆ ಗೊನೆ ಕೊಯ್ಲು ಶುರುವಾಗುವ ಹೊತ್ತು ಅದು. ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವವರ ಬಾಯಲ್ಲೂ ಭೂತಾನ್. ನಮ್ಮ ಕೆಂಪಡಿಕೆಯ ‘ರಾಶಿ ಇಡಿ’ ಅನ್ನೋ ದರ್ಜೆಯ ರೇಟು ಬಿದ್ದೇ ಹೋಗುತ್ತೆ ಅನ್ನೋ ಭಯ. ಬೆಳೆಗಾರರು ಗಲಾಟೆ ಮಾಡಿದರು, ರಾಜಕಾರಣಿಗಳು ದೆಹಲಿಗೆ ಓಡಿದರು.

2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿತು. ಮೇ ತಿಂಗಳಲ್ಲಿ ನಮ್ಮ ವಿಧಾನಸಭೆ ಚುನಾವಣೆ. ಸುಮ್ನೆ ಕಾಕತಾಳೀಯ ಅಂದರೆ ನಾನಂತೂ ನಂಬಲ್ಲ.

ಆದರೆ ಭೂತಾನ್‌ಗೆ ಕೊಟ್ಟ ರಿಯಾಯಿತಿ ಹಾಗೇ ಉಳಿಯಿತು. 2017ರಲ್ಲಿ ಭೂತಾನ್-ಚೀನಾ ಗಡಿಯ ಡೋಕ್ಲಾಮ್‌ನಲ್ಲಿ ನಮ್ಮ ಸೇನೆ ಚೀನಾ ಸೇನೆಗೆ ಎದುರಾಗಿ ನಿಂತ ಮೇಲೆ ಆ ಪುಟ್ಟ ನೆರೆಯವನ ಮನಸ್ಸು ನೋಯಿಸಲು ದೆಹಲಿಗೆ ಇಷ್ಟವಿಲ್ಲ. ನನ್ನ ಲೆಕ್ಕ ಇಷ್ಟೇ: ಗಡಿ, ಸೇನೆಯ ವಿಷಯ ಬಂದಾಗ ನಮ್ಮ ಕೂಗು ಕೇಳಿಸಲ್ಲ. ವ್ಯಾಪಾರದ ವಿಷಯದಲ್ಲಿ ಚೆನ್ನಾಗಿಯೇ ಕೇಳಿಸುತ್ತೆ. 2019ರ ನವೆಂಬರ್‌ನಲ್ಲಿ ಆರ್‌ಸಿಇಪಿ ಅನ್ನೋ ಏಷ್ಯಾ-ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದದಿಂದ ಭಾರತ ಹಿಂದೆ ಸರಿಯಲು ಒಂದು ಕಾರಣ ಹಾಲು ಉತ್ಪಾದಕರು. ನ್ಯೂಜಿಲೆಂಡ್ ಹಾಲಿನ ಪುಡಿ ಬಂದರೆ ನಾವೇನು ಮಾಡೋದು ಅಂತ ಊರೂರಿನ ಡೈರಿಗಳಲ್ಲಿ ಮಾತಾಗಿತ್ತು.

ಇನ್ನು ಮೈತ್ರಿ ಸರ್ಕಾರವಿದ್ದರೆ ಕಥೆಯೇ ಬೇರೆ. 2011ರಲ್ಲಿ ಮನಮೋಹನ್ ಸಿಂಗ್ ಢಾಕಾಕ್ಕೆ ಹೊರಟಾಗ ಪಶ್ಚಿಮ ಬಂಗಾಳದಿಂದ ಬಾಂಗ್ಲಾದೇಶಕ್ಕೆ ಹರಿಯುವ ತೀಸ್ತಾ ನದಿ ನೀರಿನ ಒಪ್ಪಂದ ಬಹುತೇಕ ತಯಾರಿತ್ತು. ಆಗ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಮಮತಾ ಬ್ಯಾನರ್ಜಿ ಜೊತೆಗೆ ಹೋಗಲ್ಲ ಅಂದರು. ಸಂವಿಧಾನದ 253ನೇ ವಿಧಿ ಪ್ರಕಾರ ಹೊರದೇಶದ ಒಪ್ಪಂದ ಜಾರಿಗೆ ತರಲು ಸಂಸತ್ತೇ ಕಾನೂನು ಮಾಡಬಹುದು, ರಾಜ್ಯದ ಒಪ್ಪಿಗೆ ಬೇಕಿಲ್ಲ. ಆದರೆ ಸರ್ಕಾರ ಉಳಿಯಲು ಮಮತಾ ಪಕ್ಷದ ಸಂಸದರು ಬೇಕಿತ್ತು, ಅಲ್ವಾ? ಒಪ್ಪಂದಕ್ಕೆ ಸಹಿ ಬೀಳಲಿಲ್ಲ.