ವರ್ಷ ಮುಗೀತು, ಆರು ವರ್ಷದ ಮಗಳಿಗೆ ಇನ್ನೂ ಮಾತು ಬಂದಿಲ್ಲ. ಜನವರಿಯಿಂದ ಥೆರಪಿ ಬದಲಿಸಲೇ?

"ಈ ವರ್ಷ ಏನು ಬಂತು, ಏನು ಬರಲಿಲ್ಲ ಅಂತ ಪಟ್ಟಿ ಮಾಡಿದೆ" ಎಂದು ಬರೆದಿದ್ದೀರಲ್ಲ, ಆ ಸಾಲು ಓದಿ ಮೈ ಜುಮ್ಮೆಂದಿತು. 2021ರ ಡಿಸೆಂಬರ್ 31ರ ರಾತ್ರಿ ಕಲಬುರಗಿಯ ನಮ್ಮ ಮನೆಯಲ್ಲಿ ಕೂತು ನಾನೂ ಅದೇ ಪಟ್ಟಿ ಬರೆದಿದ್ದೆ. ಮಗನಿಗೆ ಆಗ ಐದು ವರ್ಷ, ಆಟಿಸಂ. ಮಾತು: ಇಲ್ಲ. ಅಕ್ಷರ: ಇಲ್ಲ. ಸಂಡಾಸು: ಅರ್ಧ.

ಎರಡೇ ದಿನಕ್ಕೆ, ಜನವರಿ 2ರಂದು, ಎಳ್ಳ ಅಮಾಸಿ. ಎಲ್ಲರೂ ಹೊಲಕ್ಕೆ ಹೋದೆವು. ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಹಚ್ಚಿಕೊಂಡು ಕೂತಾಗ ನಾದಿನಿಯ ಮಗ, ನನ್ನ ಮಗನದೇ ವಯಸ್ಸು, ನಿಂತು ಪದ್ಯ ಹೇಳಿದ. ಒಬ್ಬರು ನನ್ನ ಕಡೆ ತಿರುಗಿ, "ನಿಮ್ಮ ಹುಡುಗಗ ಇನ್ನಾ ಮಾತ ಬಂದಿಲ್ಲೇನವಾ?" ಅಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ನನಗೆ ತುತ್ತು ಇಳಿಯಲಿಲ್ಲ.

ಅವತ್ತು ಸಂಜೆ ಮನೆಗೆ ಬಂದವಳೇ ಅಡುಗೆಮನೆ ಗೋಡೆ ಮೇಲಿನ ಚಿತ್ರದ ಕಾರ್ಡುಗಳನ್ನೆಲ್ಲ ಕಿತ್ತೆ. ನೀರು, ರೊಟ್ಟಿ, ಸಂಡಾಸು, ಹೊರಗೆ, ನಿದ್ದೆ, ಒಟ್ಟು ಐದು. ಥೆರಪಿಸ್ಟ್ ಆರು ತಿಂಗಳು ಕೂತು ಕಲಿಸಿದ್ದು. ನೀರಿನ ಕಾರ್ಡನ್ನು ಅವನು ತಾನಾಗಿಯೇ ತಂದು ನನ್ನ ಕೈಗೆ ಕೊಡ್ತಿದ್ದ. ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ, ಯಾಕಂದ್ರೆ ನಾನು ಕೇಳಿಕೊಂಡದ್ದು 'ಮಾತು ಬಂತಾ' ಅಂತ. 'ಬೇಕಾದ್ದನ್ನ ಕೇಳೋದು ಬಂತಾ' ಅಂತ ಅಲ್ಲ. ಕಾರ್ಡ್ ಕೊಟ್ಟರೆ ಕೆಲಸ ಆಗ್ತದೆ, ಅದಕ್ಕೇ ಬಾಯಿ ತೆರೀತಿಲ್ಲ ಅಂತ ನನಗೆ ನಾನೇ ತೀರ್ಮಾನ ಮಾಡಿಬಿಟ್ಟೆ. ಥೆರಪಿಸ್ಟ್‌ಗೆ ಒಂದು ಫೋನ್ ಕೂಡ ಮಾಡಲಿಲ್ಲ. ಲೋಟ ಎತ್ತಿ ಹಿಡಿದು "ನೀರು ಅನ್ನು, ಕೊಡ್ತೀನಿ" ಅಂತಿದ್ದೆ. ಅವನು ಗೋಡೆಯ ಖಾಲಿ ಜಾಗ ತಡವುತ್ತಿದ್ದ. ಆಮೇಲೆ ಕೈ ಕಚ್ಚಿಕೊಳ್ಳತೊಡಗಿದ. ಮಣಿಕಟ್ಟಿನ ಮೇಲೆ ಆ ಗುರುತು ಇವತ್ತಿಗೂ ಇದೆ.

ಏಪ್ರಿಲ್ ಹೊತ್ತಿಗೆ ಕಚ್ಚೋದು ನಿಂತಿತು. ದಾರಿಗೆ ಬಂದ ಅಂದುಕೊಂಡೆ. ನಿಜ ಏನಂದ್ರೆ ಅವನು ಕೇಳೋದನ್ನೇ ಬಿಟ್ಟಿದ್ದ. ಕಲಬುರಗಿಯ ಬಿಸಿಲು ನಿಮಗೆ ಗೊತ್ತೇ ಇದೆ. ಆ ಬಿಸಿಲಲ್ಲಿ ನನ್ನ ಮಗ ಬಚ್ಚಲಿಗೆ ಹೋಗಿ ಬಕೆಟ್‌ನ ನೀರು ಬೊಗಸೆಯಲ್ಲಿ ಕುಡೀತಿದ್ದ. ನಾನು ಹತ್ತು ಹೆಜ್ಜೆ ದೂರದಲ್ಲಿ ರೊಟ್ಟಿ ಬಡೀತಾ ಇದ್ದೆ.

ಚಿತ್ರದ ಕಾರ್ಡು, ಸನ್ನೆ ಇವು ಮಾತನ್ನು ತಡೆಯೋದಿಲ್ಲ ಅಂತ ಅಧ್ಯಯನಗಳು ಹೇಳ್ತಾವೆ, ಕೆಲವು ಮಕ್ಕಳಿಗೆ ಮಾತಿಗೂ ಅದು ನೆರವಾಗ್ತದೆ. ಇದು ನನಗೆ ಗೊತ್ತಾಗಿದ್ದು ಜೂನ್‌ನಲ್ಲಿ. ಕಾರ್ಡುಗಳನ್ನು ಮತ್ತೆ ಅಂಟಿಸಿದೆ. ಅವನು ಮತ್ತೆ ಒಂದನ್ನು ಕಿತ್ತು ನನ್ನ ಕೈಗಿಡೋಕೆ ಎಂಟು ತಿಂಗಳು ಹಿಡೀತು. ಅಷ್ಟೂ ದಿನ ಕಾರ್ಡ್ ಮುಟ್ಟುವ ಮೊದಲು ನನ್ನ ಮುಖ ನೋಡ್ತಿದ್ದ, ಅವ್ವ ಕಸಿದುಕೊಳ್ತಾಳೇನೋ ಅಂತ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಕ್ಯಾಲೆಂಡರ್ ಬದಲಾಯ್ತು ಅಂತ ಥೆರಪಿ ಬದಲಿಸಬೇಡಿ. ಪಟ್ಟಿ ಮಾಡಲೇಬೇಕಿದ್ರೆ ನಿಮ್ಮದೇ ಮಾಡಿ: ಮಗಳು ಈ ವರ್ಷ ಯಾವ್ಯಾವ ರೀತಿ ಕೇಳಿದಳು, ಅದರಲ್ಲಿ ನಿಮಗೆ ತಿಳಿದದ್ದೆಷ್ಟು? ಕೈ ಹಿಡಿದು ಎಳೆಯೋದೂ ಕೇಳೋದೇ. ಥೆರಪಿಸ್ಟ್ ನಿಮ್ಮನ್ನು ಹೊರಗೆ ಕೂರಿಸಿ ಬಾಗಿಲು ಹಾಕ್ತಾರೆ, ಮನೇಲಿ ಏನು ಮಾಡಬೇಕಂತ ಹೇಳೋದೇ ಇಲ್ಲ ಅಂದ್ರೆ ಜನವರಿಗೆ ಕಾಯಬೇಡಿ, ನಾಳೆಯೇ ಬದಲಿಸಿ.

ಇನ್ನು ವರ್ಷಕ್ಕೊಮ್ಮೆ ನೋಡಲೇಬೇಕಾದ್ದು ಕಾಗದಪತ್ರ. ಯುಡಿಐಡಿ ಕಾರ್ಡ್, ಅಂದ್ರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಆಗಿದೆಯಾ? ಮಗಳಿಗೆ ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬೌದ್ಧಿಕ ಅಂಗವೈಕಲ್ಯ ಇದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಸಿಗ್ತದೆ, 1 ಲಕ್ಷ ರೂಪಾಯಿವರೆಗೆ. ಪ್ರತಿ ವರ್ಷ ನವೀಕರಿಸಬೇಕು, ಮರೀಬೇಡಿ.

2024ರ ಎಳ್ಳ ಅಮಾಸಿ ಡಿಸೆಂಬರ್ 30ಕ್ಕೆ ಬಂದಿತ್ತು. ಅದೇ ಹೊಲ. ಮಗನಿಗೆ ಎಂಟು ವರ್ಷ, ಮಾತು ಇನ್ನೂ ಇಲ್ಲ. ಅವನ ಸೊಂಟದ ಚೀಲದಲ್ಲಿ ಈಗ ನಲವತ್ತು ಕಾರ್ಡ್. ನಾದಿನಿ ಅವನ ತಟ್ಟೆಗೆ ಮತ್ತೊಂದು ಸೌಟು ಭಜ್ಜಿ ಹಾಕಲು ಬಗ್ಗಿದಳು. ಅವನು ಚೀಲ ತಡಕಾಡಿ 'ಸಾಕು' ಕಾರ್ಡ್ ತೆಗೆದು ಅವಳ ಕೈಗಿಟ್ಟ. ನನ್ನ ಮುಖ ನೋಡಲಿಲ್ಲ. ಅವಳು ಅದನ್ನು ಓದಿ, ಸೌಟನ್ನು ಪಾತ್ರೆಗೆ ವಾಪಸ್ ಇಟ್ಟಳು.